ಮಿಷನ್ ಇಳಿಸುವ ಮೊದಲು ನಮ್ಮನ್ನೂ ಕೇಳಿ

ಮಾನ್ಯ ಸಂಪಾದಕರೇ,

ನಾನು ಕಾರ್ಕಳ ಕಡೆಯ ಒಂದು ಗೇರುಬೀಜ ಫ್ಯಾಕ್ಟರಿಯಲ್ಲಿ ಗ್ರೇಡಿಂಗ್ (ಬಣ್ಣ, ಗಾತ್ರ ನೋಡಿ ಬೀಜ ಬೇರೆ ಮಾಡುವ) ವಿಭಾಗದ ಸೂಪರ್‌ವೈಸರ್. ಫ್ಯಾಕ್ಟರಿಯ ಹೆಸರು ಬೇಡ, ಆದರೆ ಈ ಮಾತು ನಮ್ಮ ಜಿಲ್ಲೆಯ ಧಣಿಗಳಿಗೆ ತಲುಪಲೇಬೇಕು.

ಕಳೆದ ವರ್ಷ ಒಂದು ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ನಮ್ಮ ಟೇಬಲ್‌ಗಳನ್ನೆಲ್ಲ ಗೋಡೆಗೆ ಒತ್ತಿ ಇಟ್ಟಿದ್ದರು. ನಡುವೆ, ಕ್ಯಾಮೆರಾದಲ್ಲಿ ಬಣ್ಣ ನೋಡಿ ಬೀಜ ಬೇರೆ ಮಾಡುವ ಹೊಸ ಮಿಷನ್. ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. "ಅಕ್ಕ, ನಾಳೆಯಿಂದ ನಾವು ಬರುವುದು ಬೇಡವಾ?" ಅಂತ ಒಬ್ಬಳು ಕೇಳಿದಾಗ ಏನು ಹೇಳಬೇಕೆಂದೇ ತಿಳಿಯಲಿಲ್ಲ. ಊಟದ ಹೊತ್ತಿಗೆ ಅರ್ಧ ಜನರನ್ನು ತೆಗೆಯುತ್ತಾರಂತೆ ಎಂದು ಸುದ್ದಿಯಾಯಿತು. ಅದು ಸುಳ್ಳು. ಆದರೆ ಸುಳ್ಳು ಅಂತ ಆಫೀಸಿನಿಂದ ಯಾರೂ ಬಂದು ಹೇಳದ ಕಾರಣ, ಎಂಟು ಹತ್ತು ವರ್ಷ ದುಡಿದು ಕೈ ಪಳಗಿದ ಮೂವರು ಆ ತಿಂಗಳೇ ಬೇರೆ ಕಡೆ ಹೋದರು.

ಇತ್ತ ಮಿಷನ್ ಒಳ್ಳೆಯ ಬಿಳಿ ಬೀಜವನ್ನೂ ಸುಟ್ಟ ಬೀಜದ ಜೊತೆ ಹಾಕುತ್ತಿತ್ತು. ಮೆಕ್ಯಾನಿಕ್ ಎರಡು ಸಲ ಬಂದು ಹೋದ. ಕೊನೆಗೆ ಕಾರಣ ಹೇಳಿದ್ದು ಬೀಜದ ಸಿಪ್ಪೆ ತೆಗೆಯುವ ಪೀಲಿಂಗ್‌ನ ಹಿರಿಯ ಅಕ್ಕ ಒಬ್ಬರು. ಬೋರ್ಮದಲ್ಲಿ, ಅಂದರೆ ಬೀಜ ಒಣಗಿಸುವ ಬಿಸಿ ಕೋಣೆಯಲ್ಲಿ, ಸರಿಯಾಗಿ ಒಣಗದ ಬೀಜದ ಮೇಲೆ ಕೆಂಪು ಸಿಪ್ಪೆಯ ಚೂರು ಅಂಟಿಕೊಂಡೇ ಇರುತ್ತದೆ, ಮಿಷನ್‌ಗೆ ಅದೂ ಸುಟ್ಟ ಹಾಗೇ ಕಾಣುತ್ತದೆ, ಮೊದಲು ಅದನ್ನು ಕೈಯಲ್ಲಿ ತೆಗೆದು ಆಮೇಲೆ ಹಾಕಿ ಅಂದರು. ಅವರಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ಮತ್ತೆ ಯಾಕೆ ಹೇಳಲಿಲ್ಲ ಅಂದರೆ, "ನಮ್ಮನ್ನು ಯಾರು ಕೇಳಿದ್ದಾರೆ?" ಅಂದರು.

ಮಿಷನ್ ಬೇಡ ಅಂತ ನಾನು ಹೇಳುತ್ತಿಲ್ಲ. ದಿನವಿಡೀ ಕುತ್ತಿಗೆ ಬಗ್ಗಿಸಿ ಬೀಜ ಆರಿಸಿದವರಿಗೆ ಅದರ ನೋವು ಗೊತ್ತು.

ಅಮೆರಿಕದ ವರ್ಜೀನಿಯಾದ ಒಂದು ಪೈಜಾಮ ಫ್ಯಾಕ್ಟರಿಯಲ್ಲಿ, ಕೆಲಸದವರನ್ನು ಕೇಳಿ ಬದಲಾವಣೆ ಮಾಡಿದರೆ ಏನಾಗುತ್ತದೆ ಎಂದು ಪರೀಕ್ಷೆ ಮಾಡಿ ನೋಡಿದ್ದರು, ಕೋಚ್ ಮತ್ತು ಫ್ರೆಂಚ್ ಎಂಬಿಬ್ಬರು 1948ರಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿಯೂ ಹೆಚ್ಚಿನವರು ಹೆಂಗಸರು, ಪೀಸ್ ಲೆಕ್ಕದ ಮಜೂರಿ. ನಾಳೆಯಿಂದ ಕೆಲಸ ಹೀಗೆ ಅಂತ ಸುಮ್ನೆ ತಿಳಿಸಿದ ಗುಂಪಿನಲ್ಲಿ 40 ದಿನದೊಳಗೆ ನೂರಕ್ಕೆ 17 ಜನ ಬಿಟ್ಟು ಹೋದರು. ಎಲ್ಲರನ್ನೂ ಕೂರಿಸಿ, ಕೇಳಿ, ಅವರ ಜೊತೆಗೇ ಬದಲಾವಣೆ ಮಾಡಿದ ಗುಂಪುಗಳಲ್ಲಿ ಯಾರೂ ಬಿಡಲಿಲ್ಲ, ಕೆಲಸವೂ ಮೊದಲಿಗಿಂತ ಜಾಸ್ತಿಯಾಯಿತು. ಇಷ್ಟು ಹಳೆಯ ವಿಷಯ ನಮ್ಮಲ್ಲಿ ಇನ್ನೂ ಹೊಸದು ಅಲ್ವಾ?

ಜನ ಕಡಿಮೆ ಮಾಡಬೇಕಾಗಿ ಬರುವಂಥ ಮಿಷನ್ ತರುವುದಾದರೆ 21 ದಿನ ಮುಂಚೆ ನೋಟಿಸ್ ಕೊಡಬೇಕು ಎಂದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಇತ್ತು, ಅದರ ಬದಲಿಗೆ ಬಂದ 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೆ. ಆದರೆ ಗೋಡೆಗೆ ಅಂಟಿಸಿದ ಕಾಗದದ ಹತ್ತಿರ ಯಾರೂ ಏನೂ ಕೇಳಲು ಆಗುವುದಿಲ್ಲ.

ಈಗ ಪೀಲಿಂಗ್‌ಗೂ ಮಿಷನ್ ಬರುತ್ತದೆ ಎಂಬ ಮಾತಿದೆ. ಈ ಸಲ ಸೂಪರ್‌ವೈಸರ್‌ಗಳಿಗೆ ಮೊದಲೇ ಹೇಳಿ, ಯಾಕೆಂದರೆ ಎಲ್ಲರೂ ಬಂದು ಕೇಳುವುದು ನಮ್ಮ ಹತ್ತಿರ. ಕಿಲೋ ಲೆಕ್ಕದ ಮಜೂರಿ ಏನಾಗುತ್ತದೆ, ಯಾರಿಗೆ ಯಾವ ಕೆಲಸ ಎಂಬುದನ್ನು, ಮಿಷನ್ ಲಾರಿಯಿಂದ ಇಳಿಯುವ ಮೊದಲು ಧಣಿಗಳೇ ಬಂದು ಹೇಳಲಿ. ಆ ಹಿರಿಯ ಅಕ್ಕನನ್ನೂ ಕರೆದು ಒಂದು ಮಾತು ಕೇಳಲಿ.

— ಗೇರುಬೀಜ ಫ್ಯಾಕ್ಟರಿಯ ಒಬ್ಬ ಸೂಪರ್‌ವೈಸರ್, ಉಡುಪಿ ಜಿಲ್ಲೆ