ರಾತ್ರಿ ಎರಡರ ಡೋಸು ತಪ್ಪದಂತೆ ನೋಡಿಕೊಂಡವರಿಗೆ

ಮಗಳಿಗೆ ಹದಿನೆಂಟು ತುಂಬಿತು. ಇನ್ನು ಮಕ್ಕಳ ವಿಭಾಗಕ್ಕೆ ಬರಬೇಕಿಲ್ಲ, ದೊಡ್ಡವರ ಕಿಡ್ನಿ ಡಾಕ್ಟರ ಹತ್ತಿರ ತೋರಿಸಿ ಅಂದಿದ್ದಾರೆ. ಅವಳ ಕಿಡ್ನಿ ಇನ್ನೂ ಕೆಲಸ ಮಾಡುತ್ತಿದೆ, ಡಯಾಲಿಸಿಸ್ ಬೇಕಾಗಿಲ್ಲ. ಅವಳಿಗಿರುವುದು ಸಿಸ್ಟಿನೋಸಿಸ್. ಔಷಧ ಸಿಗದಿದ್ದರೆ ಇಂಥ ಮಕ್ಕಳ ಕಿಡ್ನಿ ಹತ್ತು ವರ್ಷದ ಆಸುಪಾಸಿಗೇ ಕೈಕೊಡುತ್ತದೆ.

ಸಿಸ್ಟಿನ್ ಎಂಬ ಅಮೈನೋ ಆಮ್ಲ ಜೀವಕೋಶದೊಳಗಿನ ಪುಟ್ಟ ಚೀಲಗಳಿಂದ ಹೊರಬರಲಾಗದೆ ಅಲ್ಲೇ ಹರಳುಗಟ್ಟುವ ಕಾಯಿಲೆ ಇದು. ಮೊದಲು ಕಿಡ್ನಿ, ಆಮೇಲೆ ಕಣ್ಣು, ಥೈರಾಯ್ಡ್, ಸ್ನಾಯು. ಸಿಸ್ಟಿಯಮೈನ್ ಮಾತ್ರೆ ಅದನ್ನು ಹೊರಗೆ ಸಾಗಿಸುತ್ತದೆ, ಆದರೆ ಅದರ ಬಲ ಆರೇ ಗಂಟೆ. ಹಾಗಾಗಿ ದಿನಕ್ಕೆ ನಾಲ್ಕು ಸಲ, ಬದುಕಿರುವ ತನಕ. ಕಿಡ್ನಿ ಕಸಿ ಮಾಡಿದರೂ ಮಾತ್ರೆ ನಿಲ್ಲಿಸುವಂತಿಲ್ಲ, ಉಳಿದ ಅಂಗಗಳು ಹಳೆಯವೇ ತಾನೆ. 12 ಗಂಟೆಗೊಮ್ಮೆ ನುಂಗುವ ಮಾತ್ರೆ 2013ರಲ್ಲಿ ಅಮೆರಿಕದಲ್ಲಿ ಬಂತು. ಬೆಲೆ ಕೇಳಿ ನಾವು ಸುಮ್ಮನಾದೆವು.

ಮೊದಲ ನಮಸ್ಕಾರ ನನ್ನ ಅಕ್ಕನಿಗೆ. ಅವಳ ಮಗಳನ್ನೇ ನಾನು ಮದುವೆಯಾದವನು, ಹಾಗಾಗಿ ಅಕ್ಕನೇ ಅತ್ತೆ. ರಾತ್ರಿ ಎರಡರ ಡೋಸು ಅವಳದು. ಮಗು ಚಿಕ್ಕದಿದ್ದಾಗ ಕ್ಯಾಪ್ಸೂಲ್ ಬಿಚ್ಚಿ ರಾಗಿ ಗಂಜಿಗೆ ಉದುರಿಸಿ, ನಿದ್ದೆಗಣ್ಣಲ್ಲೇ ತಿನ್ನಿಸಿ, ವಾಂತಿಯಾದರೆ ಮತ್ತೆ ಕೂತು ಸಂಭಾಳಿಸುತ್ತಿದ್ದಳು. ತಂದೆ ತಾಯಿ ಇಬ್ಬರಲ್ಲೂ ದೋಷವಿರುವ ಜೀನ್ ಇದ್ದಾಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಸಾಧ್ಯತೆ ಎಂದು ಡಾಕ್ಟರು ವಿವರಿಸಿದ ದಿನ, ಸಂಬಂಧದಲ್ಲಿ ಕೊಟ್ಟಿದ್ದೇ ತಪ್ಪಾಯಿತು ಅಂತ ನೆಂಟರು ಶುರುಮಾಡಿದರು. "ಆಗಿದ್ದಾಯ್ತು, ಹೊತ್ತಿಗೆ ಸರಿಯಾಗಿ ಔಷಧಿ ಹಾಕೋರು ಯಾರು ಅಂತ ಹೇಳ್ರಿ" ಅಂದಳು ಅಕ್ಕ. ಆ ಮಾತು ಅಲ್ಲಿಗೆ ನಿಂತಿತು.

ಕಣ್ಣಿನ ಹನಿ ತಯಾರಿಸಿಕೊಟ್ಟ ಆಸ್ಪತ್ರೆಯ ಫಾರ್ಮಸಿಯವರಿಗೆ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ಕಾರ್ನಿಯಾದಲ್ಲಿ ರಕ್ತನಾಳ ಇಲ್ಲದ್ದರಿಂದ ನುಂಗಿದ ಮಾತ್ರೆ ಅಲ್ಲಿಗೆ ತಲುಪುವುದಿಲ್ಲ, ಹನಿ ಬೇರೆಯೇ ಬೇಕು. ಅದು ತಣ್ಣಗಿರಬೇಕು, ದಾವಣಗೆರೆಯ ಬೇಸಿಗೆಯಲ್ಲಿ ಕರೆಂಟು ಹೋಗುತ್ತದೆ. ಯುಪಿಎಸ್ ಇದ್ದ ಪಕ್ಕದ ಮನೆಯವರ ಫ್ರಿಜ್ಜಿನಲ್ಲಿ ನಮ್ಮ ಸೀಸೆಗೆ ಕಾಯಂ ಜಾಗ ಇತ್ತು. ಹಿರಿಯೂರಲ್ಲೂ ಶಿರಾದಲ್ಲೂ ಬೇಸರಿಸದೆ ಬಸ್ಸು ನಿಲ್ಲಿಸಿದ ಕಂಡಕ್ಟರುಗಳಿಗೂ ನಮಸ್ಕಾರ. ನೀರು ಕುಡಿದಷ್ಟೂ ಮೂತ್ರಕ್ಕೆ ಹೋಗಲೇಬೇಕಾದ ಮಗುವನ್ನು ಕರೆದುಕೊಂಡು ಪ್ರಯಾಣ ಮಾಡಿದವರಿಗಷ್ಟೇ ಇದರ ಬೆಲೆ ಗೊತ್ತು.

ಎಲ್ಲಕ್ಕಿಂತ ಕಷ್ಟದ್ದು ಎಂಟನೇ ತರಗತಿ. ಈ ಔಷಧ ಗಂಧಕದ್ದು, ಉಸಿರು ಬೆವರೆಲ್ಲ ಕೊಳೆತ ಮೊಟ್ಟೆ ವಾಸನೆ. ಬೆಂಚಿನಲ್ಲಿ ಪಕ್ಕ ಯಾರೂ ಕೂರರು. ಅವಳು ಮಾತ್ರೆ ಬಚ್ಚಿಡತೊಡಗಿದಳು. ರೇಗಿದರೆ ಕೇಳುವ ವಯಸ್ಸಲ್ಲ. ಡಾಕ್ಟರಮ್ಮ ನಮ್ಮನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಮಾತಾಡಿಸಿದರು. ಒಳಗೆ ಏನು ಮಾತಾಯಿತೋ, ನಾನು ಇವತ್ತಿಗೂ ಕೇಳಿಲ್ಲ. ಹೊರಬಂದ ಮೇಲೆ ಮಾತ್ರೆಯ ಡಬ್ಬಿ ಅವಳಮ್ಮನ ಬ್ಯಾಗಿನಿಂದ ಅವಳ ಬ್ಯಾಗಿಗೆ ಹೋಯಿತು. ಮಧ್ಯಾಹ್ನದ ಮಾತ್ರೆಯ ಹೊತ್ತಿಗೆ ತನ್ನ ಊಟದ ಡಬ್ಬಿ ಹಿಡಿದು ಅವಳ ಪಕ್ಕವೇ ಬಂದು ಕೂರುತ್ತಿದ್ದ ಆ ಗೆಳತಿಗೆ ಏನು ಹೇಳಲಿ! ನಿನ್ನ ಮದುವೆಗೆ ಕರೆಯಮ್ಮ, ನಾವೆಲ್ಲ ಬರ್ತೀವಿ.

ಈಗಷ್ಟೇ ಈ ಕಾಯಿಲೆಯ ಹೆಸರು ಕೇಳಿ ಕಂಗಾಲಾಗಿರುವ ಅಪ್ಪ ಅಮ್ಮಂದಿರು ಯಾರಾದರೂ ಇದ್ದರೆ ನನಗೆ ಬರೆಯಿರಿ. ಡೋಸು ಎಷ್ಟು ಅಂತ ನಿಮ್ಮ ಡಾಕ್ಟರನ್ನೇ ಕೇಳಬೇಕು. ರಾತ್ರಿ ಎರಡಕ್ಕೆ ಮಗುವನ್ನು ಹೇಗೆ ಎಬ್ಬಿಸುವುದು ಅಂತ ಮಾತ್ರ ಅಕ್ಕ ಹೇಳಿಕೊಡುತ್ತಾಳೆ. ಮಾತಿಗೆ ಕೂತರೆ ಬೇಗ ಬಿಡುವವಳಲ್ಲ, ಮೊದಲೇ ಹೇಳಿದ್ದೇನೆ.