ಟಾಮ್ ಆಣೆ ಮುರಿದದ್ದು

ಪುಟ್ಟಿ,

ಮಾರ್ಕ್ ಟ್ವೇನ್‌ನ ಕಾದಂಬರಿ ಓದುತ್ತಿರುವ ನೀನು ನಿನ್ನೆ ಫೋನಿನಲ್ಲಿ "ಟಾಮ್ ಸಾಯರ್ ಮೋಸಗಾರ, ನಾನು ಮುಂದೆ ಓದಲ್ಲಪ್ಪ" ಅಂದೆಯಲ್ಲ, ಆಗ ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಈ ಕಾಗದ.

ನಿನ್ನ ಸಿಟ್ಟು ನ್ಯಾಯವಾದದ್ದೇ. ಟಾಮ್ ಮತ್ತು ಅವನ ಗೆಳೆಯ ಹಕ್ ಹಾಕಿಕೊಂಡದ್ದು ಎಂಥ ಆಣೆ! ನರಹುಲಿ ಉದುರಲಿ ಅಂತ ಸತ್ತ ಬೆಕ್ಕು ಹಿಡಿದು ನಡುರಾತ್ರಿ ಸ್ಮಶಾನಕ್ಕೆ ಹೋದ ಹುಡುಗರು ಕಣ್ಣಾರೆ ಕೊಲೆ ನೋಡಿಬಿಟ್ಟರು. ಕೊಲೆಗಾರ ಇಂಜನ್ ಜೋನ ಕೈಗೆ ಸಿಕ್ಕಿದರೆ ಉಳಿಗಾಲವಿಲ್ಲ. ಬೆಳದಿಂಗಳಲ್ಲಿ ಟಾಮ್ ಒಂದು ಮರದ ಹಲಗೆಯ ಮೇಲೆ, ಯಾರಿಗೂ ಬಾಯಿ ಬಿಡುವುದಿಲ್ಲ ಅಂತ ಆಣೆ ಬರೆದ. ಹೆಬ್ಬೆರಳು ಚುಚ್ಚಿಕೊಂಡು ರಕ್ತದಲ್ಲಿ ರುಜು ಹಾಕಿದರು. ಓದು ಬರಹ ಬಾರದ ಹಕ್‌ಗೆ ಅವನ ಹೆಸರಿನ ಎರಡಕ್ಷರ ತೋರಿಸಿಕೊಟ್ಟವನೂ ಟಾಮ್. ಈ ಜಾಗ ಬಂದಾಗಲೆಲ್ಲ ನಾನು ಸ್ವಲ್ಪ ಹೊತ್ತು ಪುಸ್ತಕ ಮಡಚಿ ಕೂರುತ್ತೇನೆ. ಅಂಥ ಹಕ್‌ಗೆ ಒಂದು ಮಾತೂ ಹೇಳದೆ ಟಾಮ್ ರಾತ್ರಿ ವಕೀಲರ ಮನೆಗೆ ಹೋದ, ನ್ಯಾಯಾಲಯದಲ್ಲಿ ಎಲ್ಲ ಹೇಳಿದ. ವಕೀಲರು ತಡೆಯದಿದ್ದರೆ ಹಕ್ಕನ ಹೆಸರೂ ಬಾಯಿಂದ ಜಾರುತ್ತಿತ್ತು.

ಆದರೆ ಮಫ್ ಪಾಟರ್‌ನ ಬಗ್ಗೆ ನೀನು ಏನೂ ಹೇಳಲಿಲ್ಲ. ಆ ಕುಡುಕನೇ ಕೊಂದದ್ದು ಅಂತ ಊರೆಲ್ಲ ನಂಬಿತ್ತು. ಆ ರಾತ್ರಿ ಅಲ್ಲೇ ಪೆಟ್ಟು ತಿಂದು ಎಚ್ಚರ ತಪ್ಪಿದ್ದ ಅವನೂ ನಂಬಿದ್ದ. ಹುಡುಗರು ಸೆರೆಮನೆಯ ಕಂಬಿಯ ಸಂದಿಯಿಂದ ಅವನಿಗೆ ಹೊಗೆಸೊಪ್ಪು, ಬೆಂಕಿಕಡ್ಡಿ ಕೊಡುತ್ತಾರಲ್ಲ, ಅದನ್ನು ಇನ್ನೊಮ್ಮೆ ಓದು. ಊರ ಹುಡುಗರ ಗಾಳಿಪಟ ಸರಿಮಾಡಿಕೊಡುತ್ತಿದ್ದೆ, ಮೀನು ಸಿಕ್ಕುವ ಜಾಗ ತೋರಿಸುತ್ತಿದ್ದೆ, ಈಗ ಎಲ್ಲರೂ ಮರೆತರು, ನೀವಿಬ್ಬರು ಮರೆಯಲಿಲ್ಲ ಅನ್ನುತ್ತಾನೆ. ತನ್ನ ಕೈ ದೊಡ್ಡದು, ಕಂಬಿಯಲ್ಲಿ ತೂರುವುದಿಲ್ಲ, ನಿಮ್ಮ ಕೈಯನ್ನೇ ಒಳಗೆ ಕೊಡಿ ಅನ್ನುತ್ತಾನೆ. ಅವನನ್ನು ಉಳಿಸಬಲ್ಲ ಕೈಗಳೇ ಅವು. ಅದಾದ ಮೇಲೆ ಟಾಮ್‌ಗೆ ನಿದ್ದೆ ಹೇಗೆ ಬಂದೀತು?

ಪುಣ್ಯಕೋಟಿಯ ಕಥೆ ಕೇಳಿ ಬೆಳೆದವಳು ನೀನು, ಕೊಟ್ಟ ಮಾತು ಮುರಿದರೆ ನಿನಗೆ ನೋವಾಗುವುದು ಸಹಜ. ಪುಣ್ಯಕೋಟಿ ಮಾತಿಗೆ ಒತ್ತೆಯಿಟ್ಟದ್ದು ತನ್ನ ಪ್ರಾಣವನ್ನು. ಟಾಮ್ ಮಾತು ಉಳಿಸಿಕೊಂಡಿದ್ದರೆ ನೇಣಿಗೇರುತ್ತಿದ್ದವನು ಪಾಟರ್.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಏಳನೇ ಕ್ಲಾಸಿನಲ್ಲಿ ನಾನು ಹಾಸ್ಟೆಲಿನಲ್ಲಿದ್ದಾಗ ವಾರ್ಡನ್ ಮೇಜಿನಿಂದ ದುಡ್ಡು ಹೋಯಿತು. ತೆಗೆದವನು ನನ್ನ ಪಕ್ಕದಲ್ಲೇ ಮಲಗುತ್ತಿದ್ದ ಗೆಳೆಯ. ಹೇಳಲ್ಲ ಅಂತ ದೇವರ ಮೇಲೆ ಆಣೆ ಹಾಕಿದ್ದೆ. ತಪ್ಪು ಬಂದದ್ದು ಅಡುಗೆಮನೆಯ ಅಣ್ಣನ ಮೇಲೆ. ನಮಗೆ ಹಸಿವು ಹೆಚ್ಚೆಂದು ದಿನಾ ಒಂದು ಮುದ್ದೆ ಎತ್ತಿಡುತ್ತಿದ್ದ ಅಣ್ಣ. ಟ್ರಂಕು ಹೊತ್ತು ಗೇಟು ದಾಟುವಾಗ ನನ್ನ ಕಡೆ ತಿರುಗಿ "ಚೆನ್ನಾಗಿ ಓದ್ಕೋ" ಅಂದ. ನಾನು ತಲೆಯಾಡಿಸಿದೆ. ನನ್ನ ಆಣೆ ಉಳಿಯಿತು. ಗೆಳೆಯನಿಗೂ ನನಗೂ ಆಮೇಲೆ ಮುಖ ಕೊಟ್ಟು ಮಾತಾಡಲಾಗಲಿಲ್ಲ.

ಟಾಮ್‌ಗೆ ನನಗಿಂತ ಹೆಚ್ಚು ಹೆದರಿಕೆಯಿತ್ತು. ಸಾಕ್ಷಿ ಹೇಳುವಾಗ ಕೊಲೆಗಾರ ಅದೇ ಕೋಣೆಯಲ್ಲಿದ್ದ, ಮಾತು ಮುಗಿಯುವಷ್ಟರಲ್ಲಿ ಕಿಟಕಿಯಿಂದ ಹಾರಿ ಓಡಿದ. ಆದರೂ ಹುಡುಗ ಬಾಯಿ ಬಿಟ್ಟ.

ಹಾಗಂತ ಹಕ್ಕನ ನೋವು ಸುಳ್ಳಲ್ಲ. ಅವನಿಗೆ ಮನುಷ್ಯರ ಮೇಲಿನ ನಂಬಿಕೆಯೇ ಹೋಗುವಂತಾಯಿತು ಅಂತ ಮಾರ್ಕ್ ಟ್ವೇನ್ ಬರೆದಿದ್ದಾನೆ. 1876ರ ಪುಸ್ತಕ ಇದು; ಹಕ್ ನಿಜವಾದ ಹುಡುಗನನ್ನು ನೋಡಿ ಬರೆದ ಪಾತ್ರ ಅಂತ ಮುನ್ನುಡಿಯಲ್ಲೇ ಇದೆ.

ನೀನು 23ನೇ ಅಧ್ಯಾಯಕ್ಕೆ ನಿಲ್ಲಿಸಿದ್ದೀಯ. 29ರವರೆಗೆ ಓದು ಕಂದಾ. ಅಲ್ಲಿ ಒಂದು ರಾತ್ರಿ ಹಕ್ ಒಬ್ಬನೇ ಇರುತ್ತಾನೆ, ಬಾಯಿ ಬಿಟ್ಟರೆ ಪ್ರಾಣಕ್ಕೇ ಕುತ್ತು. ಆಗ ಅವನು ಏನು ಮಾಡಿದ ಅಂತ ಭಾನುವಾರ ನೀನೇ ನನಗೆ ಹೇಳು.

ನಿನ್ನ
ಅಪ್ಪ