ಮುಖಪುಟ ಬರೆಯುವ ಮುಂಚೆ

ಪ್ರೀತಿಯ ಪುಟ್ಟಿಗೆ, ನಿನ್ನ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಮೂರೂ ಮುಖಪುಟ ನೋಡಿದೆ. ಬಣ್ಣ ಚೆನ್ನಾಗಿ ಕೂತಿದೆ. ಆದರೆ ಮೊನ್ನೆ ಫೋನಿನಲ್ಲಿ ನೀನು ಅಂದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. "ಹಸ್ತಪ್ರತಿ ಓದೋಕೆ ಟೈಮ್ ಎಲ್ಲಿದೆ ಮಾವ, ಸಾರಾಂಶ ಕಳಿಸ್ತಾರೆ, ಸಾಕು" ಅಂದೆಯಲ್ಲ? ಸಾಲದು ಪುಟ್ಟಿ.

ಸತ್ಯಜಿತ್ ರಾಯ್ ನಿನಗೆ ಸಿನಿಮಾದವರು. ನನ್ನಂಥ ಅಚ್ಚುಮನೆಯವನಿಗೆ ಅವರು ಮೊದಲು ಮುಖಪುಟದವರು. ಹುಟ್ಟಿದ್ದು 1921ರಲ್ಲಿ, ಕಲ್ಕತ್ತದಲ್ಲಿ. ಗರ್ಪಾರ್ ರಸ್ತೆಯ ಮನೆಯಲ್ಲೇ ಅಜ್ಜ ಉಪೇಂದ್ರಕಿಶೋರ್ ಕಟ್ಟಿದ ಪ್ರೆಸ್ ಇತ್ತು. ಮಗುವಿಗೆ ಎರಡೂವರೆ ತುಂಬುವ ಮುಂಚೆ ತಂದೆ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ಪ್ರೆಸ್ಸೂ ಮನೆಯೂ ಕೈಬಿಟ್ಟವು. ಮುಂದೆ ಶಾಂತಿನಿಕೇತನದಲ್ಲಿ ನಂದಲಾಲ್ ಬೋಸ್, ಬಿನೋದ್ ಬಿಹಾರಿ ಮುಖರ್ಜಿ ಅನ್ನುವ ಕಲಾವಿದರ ಹತ್ತಿರ ಚಿತ್ರಕಲೆ ಕಲಿತರು, ಕೋರ್ಸ್ ಮುಗಿಸಲಿಲ್ಲ. 1943ರಲ್ಲಿ ಡಿ.ಜೆ. ಕೀಮರ್ ಅನ್ನುವ ಜಾಹೀರಾತು ಕಂಪನಿ ಸೇರಿದರು. ತಿಂಗಳಿಗೆ 80 ರೂಪಾಯಿ. ಅಲ್ಲೇ ಇದ್ದ ಡಿ.ಕೆ. ಗುಪ್ತ ಆಗಷ್ಟೇ ಸಿಗ್ನೆಟ್ ಪ್ರೆಸ್ ಅನ್ನುವ ಪುಸ್ತಕ ಪ್ರಕಾಶನ ಶುರು ಮಾಡಿದ್ದರು. ಮುಖಪುಟದ ಕೆಲಸ ಕೊಟ್ಟು, ನಿನ್ನಿಷ್ಟದಂತೆ ಮಾಡು ಅಂತ ಬಿಟ್ಟುಬಿಟ್ಟರು.

ಸಿಗ್ನೆಟ್‌ಗೆ ರಾಯ್ ಮಾಡಿದ, ಬೇಟೆಗಾರ ಜಿಮ್ ಕಾರ್ಬೆಟ್ ಬರೆದ ಪುಸ್ತಕದ ಮುಖಪುಟ ಹುಡುಕಿ ನೋಡು. ಹಿಮಾಲಯದ ಕುಮಾವೂನ್ ಸೀಮೆಯ ನರಭಕ್ಷಕ ಹುಲಿಗಳ ಕಥೆ ಅದು. ಪುಸ್ತಕ ಬಿಡಿಸಿ ಕವುಚಿ ಇಟ್ಟರೆ ಇಡೀ ಹೊದಿಕೆ ಒಂದು ಹುಲಿಚರ್ಮ. ಮುಂದೆ ಗುಂಡು ಹೊಕ್ಕ ತೂತು. ಹಿಂದೆ ಅದು ಹೊರಬಿದ್ದ ತೂತು, ಮುಂದಿನದಕ್ಕಿಂತ ದೊಡ್ಡದು. ಗುಂಡು ಹೊರಗೆ ಬರುವ ಕಡೆ ಗಾಯ ಜಾಸ್ತಿ ಹರಿಯುತ್ತದೆ, ಅಲ್ವಾ? ಹುಲಿಯ ಮುಖ ಇಲ್ಲ, ಬಂದೂಕು ಇಲ್ಲ. ಪುಸ್ತಕವೇ ಗುಂಡು ತಿಂದ ಹಾಗಿದೆ. ಸಾರಾಂಶ ಓದಿದವನಿಗೆ ಇದು ಹೊಳೆಯುತ್ತಿರಲಿಲ್ಲ.

ಇನ್ನೊಂದು, 'ಎಕ್ಷಣ' ಅನ್ನುವ ಪತ್ರಿಕೆ. ಬಂಗಾಳಿಯಲ್ಲೂ ಅದು ನಮ್ಮ ಹಾಗೇ ಮೂರೇ ಅಕ್ಷರ. ಆ ಮೂರನ್ನೇ ರಾಯ್ ಮುಖಪುಟದ ಮೇಲೆ ಸಂಚಿಕೆಯಿಂದ ಸಂಚಿಕೆಗೆ ಬೇರೆ ಬೇರೆ ಥರ ಬರೆದರು. ನೀನು ಅಕ್ಷರಕ್ಕೆ ಕಂಪ್ಯೂಟರಿನ ಫಾಂಟ್ ಒಂದನ್ನೇ ನೆಚ್ಚಿಕೊಂಡಿದ್ದೀಯ. ಕೈಯಲ್ಲಿ ಬರೆದು ನೋಡು. ನಮ್ಮ ಒತ್ತಕ್ಷರಗಳು ಎಷ್ಟು ಚೆನ್ನಾಗಿ ಬಳುಕುತ್ತವೆ ಗೊತ್ತಾ?

ಗುಪ್ತ ಅವರು ಬಂಗಾಳಿ ಲೇಖಕ ಬಿಭೂತಿಭೂಷಣರ 'ಪಥೇರ್ ಪಾಂಚಾಲಿ' ಕಾದಂಬರಿಯನ್ನು ಮಕ್ಕಳಿಗಾಗಿ ಚಿಕ್ಕದು ಮಾಡಿಸಿ, ಚಿತ್ರ ಬರೆಯಲು ರಾಯ್ ಅವರಿಗೆ ಕೊಟ್ಟರು. ಆ ಕೆಲಸದಲ್ಲೇ ಆ ಕಥೆ ಅವರ ಒಳಗಿಳಿಯಿತು. ಆಗ ಬರೆದ ಕೆಲವು ಚಿತ್ರಗಳೇ ಆಮೇಲೆ ಸಿನಿಮಾದ ದೃಶ್ಯಗಳಾದವು. ಸಿನಿಮಾ ಬಂದಿದ್ದು 1955ರಲ್ಲಿ. ಹತ್ತು ವರ್ಷದಷ್ಟು ಕಾಲ ಒಂದು ಪುಸ್ತಕ ಅವರನ್ನು ಬಿಡಲಿಲ್ಲ.

ನಿನಗೆ ಹೇಳದ ಒಂದು ಸಂಗತಿ ಇದೆ. ನಾನು ಪ್ರೆಸ್ಸಿನಲ್ಲಿದ್ದಾಗ ಒಂದು ಕವನ ಸಂಕಲನ ಬಂತು. ಹೆಸರಿನಲ್ಲಿ ಕೆರೆ ಇತ್ತು. ಓದದೆ ತಾವರೆ ತುಂಬಿದ ಕೆರೆ ಬರೆದುಕೊಟ್ಟೆ. ಪದ್ಯಗಳೆಲ್ಲ ಬತ್ತಿಹೋದ ಕೆರೆಯ ಮೇಲೆ. ಕವಿ ಮೊದಲ ಪ್ರತಿ ಕೈಗೆ ತಗೊಂಡು, ಆ ತಾವರೆಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಏನೂ ಅನ್ನಲಿಲ್ಲ. ದುಡ್ಡು ಕೊಟ್ಟು ಹೋದರು. ಆ ಬೆರಳು ಇವತ್ತಿಗೂ ಕಣ್ಣ ಮುಂದಿದೆ.

ಮುಂದಿನ ಸಲ ಬರುವಾಗ ಹಸ್ತಪ್ರತಿ ತಗೊಂಡು ಬಾ. ನನ್ನ ಕಣ್ಣು ಈಗ ಅಷ್ಟು ನಡೆಯುವುದಿಲ್ಲ. ಜಗಲಿಯಲ್ಲಿ ಕೂತು ನೀನು ಓದು, ನಾನು ಕೇಳುತ್ತೇನೆ.

ನಿನ್ನ ಮಾವ